ವೆಬ್ ಸೇವೆಗೆ ಲಾಗಿನ್ ಪರಿಶೀಲನೆ: ಯಾವ ವಿಧಾನ ಯಾರಿಗೆ?

ಜಾವಾ ಅಪ್ಲಿಕೇಶನ್ ಸರ್ವರ್‌ನಲ್ಲಿ ವೆಬ್ ಸೇವೆಗೆ ಲಾಗಿನ್ ಪರಿಶೀಲನೆಯನ್ನು ಅಳವಡಿಸುವವರಿಗೆ ಸರ್ವ್‌ಲೆಟ್ (ವೆಬ್ ವಿನಂತಿಗಳಿಗೆ ಉತ್ತರಿಸುವ ಜಾವಾ ಘಟಕ) ಮಾನದಂಡವು ಬೇಸಿಕ್, ಡೈಜೆಸ್ಟ್, ಫಾರ್ಮ್ ಮತ್ತು ಕ್ಲೈಂಟ್ ಸರ್ಟಿಫಿಕೇಟ್ ಎಂಬ ನಾಲ್ಕು ವಿಧಾನಗಳನ್ನು ಕೊಡುತ್ತದೆ. ಇವುಗಳಲ್ಲಿ ಫಾರ್ಮ್ ಅನ್ನು ಮೊದಲೇ ಕೈಬಿಡಬಹುದು, ಏಕೆಂದರೆ ಅದು ಬ್ರೌಸರ್ ಮುಂದೆ ಕುಳಿತವರಿಗಾಗಿ ರೂಪುಗೊಂಡದ್ದು. ಲಾಗಿನ್ ಆಗದ ಕ್ಲೈಂಟ್ ಪ್ರೋಗ್ರಾಂಗೆ ‘ಲಾಗಿನ್ ಬೇಕು’ ಎಂದು ತಿಳಿಸುವ 401 ಸಂಕೇತದ ಬದಲು ಲಾಗಿನ್ ಪುಟದ ಎಚ್‌ಟಿಎಂಎಲ್ ಬರುತ್ತದೆ. ಸೋಪ್ (ವೆಬ್ ಸೇವೆಗಳ ಎಕ್ಸ್‌ಎಂಎಲ್ ಸಂದೇಶ ರೂಪ) ಉತ್ತರಕ್ಕೆ ಕಾದಿದ್ದ ಪಾರ್ಸರ್ (ಸಂದೇಶವನ್ನು ಓದಿ ಬಿಡಿಸುವ ಭಾಗ) ಅಲ್ಲಿಯೇ ಮುಗ್ಗರಿಸಿ, ಲಾಗ್‌ನಲ್ಲಿ ಮೂಲ ಕಾರಣಕ್ಕೆ ಸಂಬಂಧವೇ ಇಲ್ಲದಂತೆ ತೋರುವ ದೋಷವನ್ನು ಬರೆಯುತ್ತದೆ.

ಬೇಸಿಕ್ ವಿಧಾನವನ್ನು ಬಹುತೇಕ ಎಲ್ಲ ಕ್ಲೈಂಟ್ ಲೈಬ್ರರಿಗಳೂ ಬಲ್ಲವು. ಆದರೆ ಅದು ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಬೇಸ್64 ರೂಪಕ್ಕೆ ಬದಲಿಸುತ್ತದೆಯೇ ಹೊರತು ಗೂಢಲಿಪೀಕರಿಸುವುದಿಲ್ಲವಾದ್ದರಿಂದ, ಸಂಪರ್ಕವನ್ನೇ ಗೂಢಲಿಪೀಕರಿಸುವ ಟಿಎಲ್‌ಎಸ್ ಕಡ್ಡಾಯ, ಇದಕ್ಕಾಗಿ ಅಪ್ಲಿಕೇಶನ್‌ನ ಸಂರಚನೆ ಇರುವ ವೆಬ್.ಎಕ್ಸ್‌ಎಂಎಲ್ ಕಡತದಲ್ಲಿ ಟ್ರಾನ್ಸ್‌ಪೋರ್ಟ್-ಗ್ಯಾರಂಟಿಯನ್ನು ಕಾನ್ಫಿಡೆನ್ಶಿಯಲ್ ಎಂದು ನಮೂದಿಸಬೇಕು. ಡೈಜೆಸ್ಟ್ ಪಾಸ್‌ವರ್ಡನ್ನು ನೇರವಾಗಿ ಕಳುಹಿಸುವುದಿಲ್ಲ, ನಿಜ. ಆದರೂ ಸರ್ವರ್ ಬಳಿ ಮೂಲ ಪಾಸ್‌ವರ್ಡ್ ಅಥವಾ ರೆಲ್ಮ್ (ಲಾಗಿನ್ ಅನ್ವಯಿಸುವ ವಲಯ) ಹೆಸರನ್ನು ಸೇರಿಸಿ ತೆಗೆದ ಅದರ ಹ್ಯಾಶ್ (ಮೂಲಕ್ಕೆ ಹಿಂದಿರುಗಿಸಲಾಗದ ಸಾರರೂಪ) ಇರಲೇಬೇಕಾದ್ದರಿಂದ, ಬಿಕ್ರಿಪ್ಟ್‌ನಂಥ ಸುಭದ್ರ ಸಂಗ್ರಹಕ್ಕೆ ಅದು ಹೊಂದುವುದಿಲ್ಲ. ಟಿಎಲ್‌ಎಸ್ ಇರುವಲ್ಲಿ ಡೈಜೆಸ್ಟ್‌ನ ತೊಡಕನ್ನು ಹೊರುವುದು, ನನ್ನ ಅಭಿಪ್ರಾಯದಲ್ಲಿ, ವ್ಯರ್ಥ.

ಕರೆ ಮಾಡುವ ವ್ಯವಸ್ಥೆಗಳು ಕೆಲವೇ ಆಗಿದ್ದು, ಅವೆಲ್ಲ ಪರಿಚಿತವಾಗಿದ್ದರೆ ಪಾಸ್‌ವರ್ಡ್ ಬದಲು ಡಿಜಿಟಲ್ ಪ್ರಮಾಣಪತ್ರವನ್ನು ತೋರಿಸುವ ಕ್ಲೈಂಟ್ ಸರ್ಟಿಫಿಕೇಟ್ ಅತ್ಯಂತ ಗಟ್ಟಿ. ಅವಧಿ ಮುಗಿಯುವ ಮುನ್ನ ನವೀಕರಿಸುವ ಹೊಣೆಯನ್ನು ಮಾತ್ರ ಯಾರಿಗಾದರೂ ವಹಿಸಿರಬೇಕು. ಸೋಪ್ ಸಂದೇಶವು ಮಧ್ಯವರ್ತಿ ಸರ್ವರ್‌ಗಳನ್ನು ದಾಟಿ ಸಾಗುವುದಾದರೆ, ರುಜುವಾತನ್ನು ಸಂದೇಶದ ಹೆಡರ್‌ನಲ್ಲಿಯೇ ಒಯ್ಯುವ ಡಬ್ಲ್ಯೂಎಸ್-ಸೆಕ್ಯೂರಿಟಿ ಸೂಕ್ತ.