ಕಾಫಿ ತೋಟಕ್ಕೆ ಟೆಂಟಕಲ್ ಸೋಲಾರ್ ಬೇಲಿ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

2023ರ ಅಂದಾಜಿನಂತೆ 6,395 ಆನೆಗಳಿರುವ ನಮ್ಮ ರಾಜ್ಯದಲ್ಲಿ, ಸಕಲೇಶಪುರ, ಆಲೂರು ಕಡೆಯ ತೋಟದ ದಾರಿಗಳಲ್ಲಿ ಮುಂಜಾನೆ ಆನೆ ಎದುರಾಗುವ ಭಯ ಕಾರ್ಮಿಕರನ್ನು ಬಿಟ್ಟಿಲ್ಲ.

ಹಳೆಯ ಸೋಲಾರ್ ಬೇಲಿಯ ಕಂಬವನ್ನು ಆನೆ ಕಾಲಿನಿಂದ ತಳ್ಳಿ ಕೆಡವುತ್ತಿತ್ತು. ವಿದ್ಯುತ್ ಅಷ್ಟಾಗಿ ಹರಿಯದ ದಂತದಿಂದ ತಂತಿಯನ್ನೂ ಕಿತ್ತುಹಾಕುತ್ತಿತ್ತು. ಟೆಂಟಕಲ್ ಬೇಲಿಯಲ್ಲಿ ಎತ್ತರದಿಂದ ತೆಳು ತಂತಿಗಳು ನೆಲಕ್ಕೆ ತಾಗದಂತೆ ಜೋತಾಡುವುದರಿಂದ, ಕಂಬದ ಹತ್ತಿರ ಬರುವ ಮೊದಲೇ ಸೊಂಡಿಲಿಗೋ ಮೈಗೋ ಶಾಕ್ ತಗಲುತ್ತದೆ. ಬೇಲಿಗೆ ವಿದ್ಯುತ್ ಕೊಡುವ ಎನರ್ಜೈಸರ್ ಎಂಬ ಸಾಧನ ಹೆಚ್ಚು ವೋಲ್ಟೇಜನ್ನು ಸೆಕೆಂಡಿನ ಅತ್ಯಲ್ಪ ಭಾಗದಷ್ಟೇ ಹೊತ್ತು, ಬಿಟ್ಟು ಬಿಟ್ಟು ಹಾಯಿಸುವುದರಿಂದ ಪ್ರಾಣಿಗೆ ನೋವಾಗುತ್ತದೆಯೇ ಹೊರತು ಜೀವ ಹೋಗುವುದಿಲ್ಲ. ಇದೇ ತಂತಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವುದು ಅಪರಾಧ. ಅದರಿಂದ ಆನೆಗಳಷ್ಟೇ ಅಲ್ಲ, ಮನುಷ್ಯರೂ ಸತ್ತಿದ್ದಾರೆ.

ವಿನ್ಯಾಸಕ್ಕೆ ನನ್ನ ಮೆಚ್ಚುಗೆಯಿದೆ, ಮಾರಾಟಗಾರರ ಮಾತಿಗೆ ಇಲ್ಲ. ಒಮ್ಮೆ ಹಾಕಿಸಿದರೆ ಸಾಕು ಎನ್ನುವವರು ಮಲೆನಾಡಿನ ಮಳೆಗಾಲವನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ: ಹಸಿ ಹುಲ್ಲು, ಬಳ್ಳಿ ತಂತಿಗೆ ತಾಗಿದರೆ ಶಾಕಿನ ಬಲ ಕುಸಿಯುತ್ತದೆ, ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಹುಲ್ಲು, ಬಳ್ಳಿ ಸವರುವ ಆಳು ಮತ್ತು ವೋಲ್ಟೇಜ್ ಅಳೆಯುವ ಮೀಟರ್ ಇಲ್ಲದವರು ಇದಕ್ಕೆ ಹಣ ಹಾಕದಿರುವುದೇ ಲೇಸು. ಕಾಡುಹಂದಿ ಕೆಳಗೆ ನುಸುಳಬಲ್ಲದು. ಜಾಣ ಆನೆ ಮರವನ್ನೇ ತಂತಿಯ ಮೇಲೆ ಉರುಳಿಸಬಲ್ಲದು.

ಒಬ್ಬರ ತೋಟದಿಂದ ತಿರುಗಿದ ಆನೆ ಪಕ್ಕದವರ ಗದ್ದೆಗೆ ಇಳಿಯುತ್ತದೆಯಾದ್ದರಿಂದ, ಊರಿನವರು ಒಟ್ಟಾಗಿ, ಆನೆ ಓಡಾಡುವ ದಾರಿಯನ್ನು ಮುಚ್ಚದೆ, ಅರಣ್ಯ ಇಲಾಖೆಯ ಸಲಹೆ ಪಡೆದು ಹಾಕಿಸಿಕೊಳ್ಳುವುದು ಸೂಕ್ತ.