ದಾವಣಗೆರೆಯಲ್ಲಿ ಹೊಲಿದ ಇಂಬಳದ ಕಾಲ್ಚೀಲ: ನಮ್ಮ ವಿದೇಶಿ ವಾಲಂಟಿಯರ್‌ಗಳು ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಮಲೆನಾಡಿನ ಕಾಡಿಗೆ ಜನರನ್ನು ಕೆಲಸಕ್ಕೆ ಕರೆದುಕೊಂಡು ಹೋಗುವವರು ನೀವಾಗಿದ್ದರೆ, ಇಂಬಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆ, ಕಚ್ಚದಂತೆ ಮೊಣಕಾಲಿನ ಕೆಳಗಿನವರೆಗೆ ಹಾಕುವ ಈ ಕಾಲ್ಚೀಲ ಹೊಲಿಸಿಕೊಳ್ಳಿ. ಮಂಡಿಪೇಟೆ ಹತ್ತಿರದ ಒಂದು ಗಲ್ಲಿ, ಎರಡೇ ಮಷಿನ್ ಇರುವ ಸಣ್ಣ ಹೊಲಿಗೆ ಅಂಗಡಿ. ಜೋಡಿಗೆ 180 ರೂಪಾಯಿ, ಬಟ್ಟೆಯೂ ಸೇರಿ. ಹೊಲಿಯುವ ಚಾಚಾ ತಮ್ಮ ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂದಿದ್ದಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ಸಣ್ಣ ತಂಡ. ಆಗುಂಬೆ ಕಡೆ, ಅಕೇಶಿಯಾ ಬೆಳೆದು ಕಡಿದು ಬಿಟ್ಟಿರುವ ಖಾಸಗಿ ಜಮೀನುಗಳಲ್ಲಿ ಮತ್ತೆ ಮಳೆಕಾಡಿನ ಮರಗಳನ್ನು ಬೆಳೆಸುತ್ತಿದ್ದೇವೆ. ಧೂಪ, ರಾಮಪತ್ರೆ, ಉಪ್ಪಾಗೆ, ಮುರುಗಲು ಇಂಥವು. ಪ್ರತಿ ಮಳೆಗಾಲಕ್ಕೆ ಜರ್ಮನಿ, ನೆದರ್‌ಲ್ಯಾಂಡ್ಸ್, ಬ್ರಿಟನ್ ಕಡೆಯಿಂದ ವಾಲಂಟಿಯರ್‌ಗಳು ಬರುತ್ತಾರೆ. ಅವರ ಮೊದಲ ಇಮೇಲಿಗೆ ಉತ್ತರ ಕೊಡೋದರಿಂದ ಹಿಡಿದು ವಾಪಸ್ ರೈಲು ಹತ್ತಿಸುವವರೆಗೆ ಎಲ್ಲಾ ನನ್ನ ಹೊಣೆ. ನಾನಿರೋದು ದಾವಣಗೆರೆ ವಿದ್ಯಾನಗರದಲ್ಲಿ. ಬೆಂಗಳೂರಿಂದ ಅವರನ್ನು ನೇರ ಶಿವಮೊಗ್ಗ ರೈಲಿಗೆ ಕೂರಿಸಬಹುದು, ನಿಜ. ಆದರೂ ಇಲ್ಲಿ ಇಳಿಸಿಕೊಳ್ಳುತ್ತೇವೆ. ನಿದ್ದೆ ಸರಿಹೋಗಲಿ, ಬೆಣ್ಣೆ ದೋಸೆ ತಿನ್ನಲಿ, ಸಾಮಾನು ಏನೇನು ತಂದಿದ್ದಾರೆ ಅಂತ ನಾನೂ ಕೂತು ನೋಡಬೇಕು. ಆ ದಿನವೇ ಚಾಚಾ ಅಂಗಡಿಗೂ ಹೋಗುತ್ತೇವೆ.

ಮಳೆಕಾಡು ಅಂದ ಕೂಡಲೇ ಎಲ್ಲರಿಗೂ ಹಾವಿನ ಯೋಚನೆ. ಕೆಲಸ ನಿಲ್ಲಿಸೋದು ಮಾತ್ರ ಇಂಬಳ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ದಾವಣಗೆರೆಗೆ ಬೀಳೋದು ಅದರಲ್ಲಿ ಹತ್ತನೇ ಒಂದು ಪಾಲಿನ ಆಸುಪಾಸು. ಸಸಿ ನೆಡಬೇಕಾದದ್ದು ಜೂನ್, ಜುಲೈನಲ್ಲಿ. ಎಲೆ ಅಡಿಯಿಂದ ಇಂಬಳ ಏಳೋದೂ ಆಗಲೇ. ಕಚ್ಚಿದ್ದು ಗೊತ್ತೇ ಆಗಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ, ಹಾಗಾಗಿ ಇಂಬಳ ಹೊಟ್ಟೆ ತುಂಬಿ ಬಿದ್ದುಹೋದ ಮೇಲೂ ರಕ್ತ ಇಳಿಯುತ್ತಲೇ ಇರುತ್ತದೆ. ಶೂ ಬಿಚ್ಚಿದಾಗ ಸಾಕ್ಸ್ ಪೂರ್ತಿ ಕೆಂಪಾಗಿರೋದನ್ನು ಕಂಡವರಿಗೆ, ಏನೂ ಆಗಲ್ಲ ಅಂತ ನಾವು ಎಷ್ಟು ಹೇಳಿದರೂ ಸಮಾಧಾನ ಬರಲ್ಲ. ಮಾರನೇ ದಿನ ಅವರ ಕಣ್ಣು ಗುಂಡಿ ಮೇಲಿರಲ್ಲ, ತಮ್ಮ ಕಾಲ ಮೇಲೇ ಇರುತ್ತದೆ. ಅವಸರದಲ್ಲಿ ನೆಟ್ಟ ಸಸಿಯ ತಾಯಿಬೇರು ಮಡಚಿಕೊಳ್ಳುತ್ತದೆ. ಬುಡದ ಮಣ್ಣು ಒತ್ತಿರಲ್ಲ. ಕೆರೆದು ಕೆರೆದು ಕೀವಾಯಿತೋ, ಮೂರ್ನಾಲ್ಕು ದಿನ ರೂಮಿನಲ್ಲೇ.

ಈ ಮೂರ್ನಾಲ್ಕು ದಿನ ಅನ್ನೋದು ನಮಗೆ ಸಣ್ಣ ಮಾತಲ್ಲ. ಇ-ಟೂರಿಸ್ಟ್ ವೀಸಾದಲ್ಲಿ ಬಂದವರು ದುಡ್ಡು ಪಡೆಯದೆ ಮಾಡುವ ಸೇವೆಗೆ ಹೆಚ್ಚೆಂದರೆ ಒಂದು ತಿಂಗಳ ಅವಕಾಶ. ಅದರಲ್ಲಿ ಮೊದಲ ವಾರ ಕಲಿಯೋದಕ್ಕೇ ಹೋಗುತ್ತದೆ. ಯಾವುದು ಕಳೆ, ಯಾವುದು ತಾನಾಗಿ ಹುಟ್ಟಿದ ಮುರುಗಲು ಸಸಿ ಅಂತ ಗುರುತು ಸಿಗುವ ಹೊತ್ತಿಗೆ ಕಾಲು ಕೆಟ್ಟರೆ ಅವರೂ ಕೊರಗುತ್ತಾರೆ, ನನಗೂ ಹೊಟ್ಟೆ ಉರಿಯುತ್ತದೆ.

ಮುಂಚೆ ಆನ್‌ಲೈನಿನಲ್ಲಿ ತರಿಸುತ್ತಿದ್ದೆವು. ಕಂಪನಿ ಹೆಸರು ಬೇಡ. ನೈಲಾನ್ ಬೆರೆತ ಬಟ್ಟೆ, ನೋಡೋಕೆ ಚಂದ, ಬೆಲೆ ಇದರ ಮೂರು ಪಟ್ಟು. ನೇಯ್ಗೆ ಸಡಿಲ. ಮರಿ ಇಂಬಳಗಳು ಎಳೆಗಳ ಮಧ್ಯೆಯೇ ತೂರಿಕೊಂಡು ಕಚ್ಚುತ್ತಿದ್ದವು. ಬಣ್ಣ ಕಡುಹಸಿರು, ಕಾಲ ಮೇಲೆ ಏನು ಹತ್ತುತ್ತಿದೆ ಅಂತ ಕಾಣೋದೇ ಇಲ್ಲ. ಫ್ರೀ ಸೈಜ್ ಅಂತ ಬರೆದಿರುತ್ತಾರೆ, ಉದ್ದ ಕಾಲಿನ ಹುಡುಗರಿಗೆ ಹಿಮ್ಮಡಿಯೇ ಒಳಗೆ ಕೂರುತ್ತಿರಲಿಲ್ಲ.

ಚಾಚಾ ಶಾಲೆ ಯೂನಿಫಾರಂ ಹೊಲಿಯುವವರು. ಕಾಡಿನ ಕಡೆ ಹೋದವರೇ ಅಲ್ಲ. ನಾನು ತೋರಿಸಿದ ಹಳೇ ಜೋಡಿಯನ್ನು ಒಳಮೈ ಹೊರಮಾಡಿ, ಬೆರಳು ತೂರಿಸಿ ನೋಡಿ, ಒಂದೇ ಪ್ರಶ್ನೆ ಕೇಳಿದರು: "ಹುಳ ಎಲ್ಲಿಂದ ಒಳಗ್ ಬರತೈತಮ್ಮ?" ಶೂ ಬಾಯಿಯಿಂದ, ಲೇಸ್ ಸಂದಿಯಿಂದ, ಪ್ಯಾಂಟಿನ ಕೆಳಗಿಂದ ಅಂತ ಹೇಳಿದೆ. ಮೇಲಿಂದ ಬರಲ್ವಾ ಅಂತ ಮತ್ತೆ ಕೇಳಿದರು. ಬರುತ್ತದೆ, ಕಾಲ್ಚೀಲದ ಮೇಲೇ ಹತ್ತಿಕೊಂಡು ಮೊಣಕಾಲಿಗೆ ಹೋಗುತ್ತದೆ ಅಂದೆ. ಅಲ್ಲಿಂದ ಅವರದೇ ಕೆಲಸ.

ಬಟ್ಟೆ ಕೋರಾ, ಅಂದರೆ ಬಣ್ಣ ಹಾಕದ, ಒತ್ತಾಗಿ ನೇಯ್ದ ಹತ್ತಿ. ಥಾನಿನ ತುದಿಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ಚುಕ್ಕಿ ಚುಕ್ಕಿಯಾಗಿ ಇಣುಕಿದರೆ ಆ ಥಾನು ಬೇಡ. ಒಂದು ಕಾಲಕ್ಕೆ ಹತ್ತಿ ಮಿಲ್ಲಿನ ಊರಾಗಿತ್ತಲ್ವಾ ನಮ್ಮದು, ಬಟ್ಟೆ ಮುಟ್ಟಿದರೆ ಗುಣ ತಿಳಿಯುವ ಕೈಗಳು ಇನ್ನೂ ಇವೆ. ಕೋರಾ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಅದಕ್ಕೆ ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಕತ್ತರಿ ಹಾಕುತ್ತಾರೆ. ಹೊಲಿಗೆ ಅಂಗಾಲಿನ ಕೆಳಗೆ ಬರೋದೇ ಇಲ್ಲ. ಪಾದದ ಪಕ್ಕಕ್ಕೆ ತಂದು, ಅಂಚು ಮಡಚಿ ಎರಡು ಸಲ ಹೊಲಿದಿರುತ್ತಾರೆ. "ಕೆಳಗ್ ಬಂದ್ರೆ ಇಳಿಜಾರಲ್ಲಿ ಒತ್ತತೈತೆ, ಗುಳ್ಳೆ ಏಳ್ತೈತೆ" ಅಂತ ಅವರೇ ಹೇಳಿದ್ದು. ಮೇಲೆ ಮೊಣಕಾಲಿನ ಕೆಳಗೆ ಇಲಾಸ್ಟಿಕ್ ಇಲ್ಲ, ಲಾಡಿ. ಇಲಾಸ್ಟಿಕ್ ಒದ್ದೆಯಾಗಿ ಒಣಗಿ ಒಂದೇ ಸೀಸನ್ನಿಗೆ ಸಡಿಲ ಆಗುತ್ತದೆ, ಲಾಡಿ ಹೋದರೆ ಬೇರೆ ಏರಿಸಿಕೊಳ್ಳಬಹುದು.

ಅಳತೆಗೆ ಒಂದು ದಾರಿ ಕಂಡುಕೊಂಡಿದ್ದೇವೆ. ವಾಲಂಟಿಯರ್‌ಗಳು ಹೊರಡುವ ಮುಂಚೆಯೇ ಎ4 ಹಾಳೆ ಮೇಲೆ ಪಾದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕಳಿಸಬೇಕು. ಒಬ್ಬ ಡಚ್ ಹುಡುಗನ ಹೆಬ್ಬೆರಳು ಹಾಳೆಯಿಂದ ಆಚೆ ಇತ್ತು. ಚಾಚಾ ಆ ಫೋಟೋ ನೋಡಿ, ಅವನು ಬಂದ ದಿನ ಕಂದು ಕಾಗದ ಹಾಸಿ, ತಾವೇ ನೆಲಕ್ಕೆ ಕೂತು ಪಾದದ ಸುತ್ತ ಗೆರೆ ಎಳೆದರು. ಮೀನಖಂಡಕ್ಕೆ ಟೇಪು ಸುತ್ತಿ ಅಳೆದರು. ಆ ಹುಡುಗ "ಚಾಚಾ" ಅನ್ನೋದನ್ನು ಅಲ್ಲೇ ಕಲಿತ. ಆಮೇಲೆ ನಮ್ಮ ನರ್ಸರಿಯ ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆಯಬಾರದು, ಅಕ್ಕ ಅನ್ನಬೇಕು ಅಂತ ಅವನಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಕಾಡಿನಲ್ಲಿ ಹೇಗೆ? ಮೊದಲು ಮಾಮೂಲಿ ಸಾಕ್ಸ್, ಅದರ ಮೇಲೆ ಪ್ಯಾಂಟನ್ನು ಒಳಗೆ ಸೇರಿಸಿ ಈ ಚೀಲ, ಆಮೇಲೆ ಶೂ. ಬಟ್ಟೆ ಬಿಳಿ ಇರೋದರಿಂದ ಇಂಬಳ ಹತ್ತಿದ ಕೂಡಲೇ ಕಾಣುತ್ತದೆ. ಚಿಟಿಕೆಯಲ್ಲಿ ಹಾರಿಸಿದರೆ ಆಯಿತು. ಬಟ್ಟೆ ಮೂಲಕ ಕಚ್ಚಿದ್ದನ್ನು ನಾನಂತೂ ಕಂಡಿಲ್ಲ. ಲಾಡಿ ಕಟ್ಟಿದ ಜಾಗ ದಾಟಿ ತೊಡೆಗೆ ಹೋದದ್ದು ಉಂಟು, ಅದಕ್ಕೆ ಆಗಾಗ ನಿಂತು ಒಬ್ಬರ ಕಾಲು ಇನ್ನೊಬ್ಬರು ನೋಡಬೇಕು.

ಇನ್ನೊಂದು ಲಾಭ ನನಗೆ ಇದಕ್ಕಿಂತ ದೊಡ್ಡದು. ಕಾಲಿಗೆ ಬಟ್ಟೆ ಇದ್ದರೆ ಸ್ಪ್ರೇ ಹೊಡೆಯುವ ಚಾಳಿ ಕಡಿಮೆಯಾಗುತ್ತದೆ. ಹೊರದೇಶದವರು ಡೀಟ್ ಅನ್ನೋ ಹುಳ ಓಡಿಸುವ ರಾಸಾಯನಿಕದ ಬಾಟಲಿ ತರದೆ ಬರೋದಿಲ್ಲ. ಆದರೆ ಕಪ್ಪೆಗಳು ಚರ್ಮದಿಂದಲೇ ನೀರು, ಗಾಳಿ ಎಳೆದುಕೊಳ್ಳುತ್ತವೆ. ಆ ಎಣ್ಣೆ ಮೆತ್ತಿದ ಕೈಕಾಲು ಹಳ್ಳಕ್ಕೆ ಇಳಿದರೆ ನಾವು ಕಾಪಾಡೋಕೆ ಹೊರಟಿರುವ ಜೀವಕ್ಕೇ ತೊಂದರೆ. ಬೇರೆ ಕಾಡಿನ ಮಣ್ಣಿನ ಚಿಂತೆಯೂ ಇದೆ. ಕೈಟ್ರಿಡ್ ಎನ್ನುವ ಶಿಲೀಂಧ್ರ ಆಸ್ಟ್ರೇಲಿಯಾ, ಮಧ್ಯ ಅಮೆರಿಕದಲ್ಲಿ ಕಪ್ಪೆಗಳ ಎಷ್ಟೋ ಜಾತಿಗಳನ್ನು ನುಂಗಿದೆ. ಒದ್ದೆ ಕೆಸರಿನ ಜೊತೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಸಾಕ್ಸಿಗೆ ಅಂಟಿಕೊಂಡು ಕಳೆಬೀಜಗಳೂ ಬರುತ್ತವೆ. ಹಳೇ ಚಾರಣದ ಕಾಲ್ಚೀಲ ಮನೆಯಲ್ಲೇ ಬಿಟ್ಟು ಬನ್ನಿ, ಹೊಸದು ನಾವು ಹೊಲಿಸಿಕೊಡುತ್ತೇವೆ ಅಂತ ಇಮೇಲಿನಲ್ಲೇ ಬರೆಯುತ್ತೇನೆ. ಶೂ ಮಾತ್ರ ದಾವಣಗೆರೆಯಲ್ಲೇ ಬ್ರಷ್ ಹಾಕಿ ತೊಳೆಸಿ, ಪೂರ್ತಿ ಒಣಗಿಸುತ್ತೇವೆ.

ಇದನ್ನು ಹಾಕಿಕೊಂಡರೆ ಎಲ್ಲದರಿಂದ ಪಾರು ಅಂತ ಯಾರೂ ತಿಳಿಯಬೇಡಿ. ಹಾವಿಗೆ ಇದು ತಡೆಯಲ್ಲ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ. ಆಗುಂಬೆ ಕಾಡಿನ ಗುಳಿಮಂಡಲಕ್ಕಾಗಲಿ ಕಾಳಿಂಗಕ್ಕಾಗಲಿ ಅದು ಮಾಡಿದ್ದಲ್ಲ. ಹಾಗಾಗಿ ಎಲೆರಾಶಿಗೆ ಬರಿಗೈ ಹಾಕಬಾರದು, ಸಂಜೆ ಮೇಲೆ ಟಾರ್ಚ್ ಇಲ್ಲದೆ ಓಡಾಡಬಾರದು, ಇದಕ್ಕೆ ವಿನಾಯಿತಿ ಇಲ್ಲ. ದನ, ನಾಯಿ ಮೈಗೆ ಕಚ್ಚಿಕೊಳ್ಳುವಂಥ ಉಣ್ಣೆ ಹುಳಕ್ಕೂ ಇದನ್ನು ನಂಬಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ನಾವು ವಾಲಂಟಿಯರ್‌ಗಳನ್ನು ಕಾಡಿನ ನೆಲದ ಕೆಲಸಕ್ಕೆ ಕರೆಯೋದೇ ಇಲ್ಲ, ಎಷ್ಟೇ ಕೇಳಿಕೊಂಡರೂ.

ಇಂಬಳದ ವಿಷಯವನ್ನೂ ಬರುವ ಮುಂಚೆಯೇ ಹೇಳುತ್ತೇನೆ. ಕಚ್ಚಿದ ಕಾಲಿನ ಫೋಟೋ, ಕಾಲ್ಚೀಲದ ಫೋಟೋ ಎರಡನ್ನೂ ಮೊದಲ ಇಮೇಲಿಗೇ ಸೇರಿಸುತ್ತೇನೆ. ಅದು ನೋಡಿ ಬೇಡ ಅನ್ನುವವರೂ ಇದ್ದಾರೆ, ಅವರ ಮೇಲೆ ನನಗೆ ಕೋಪ ಇಲ್ಲ. ನೋಡಿಯೂ ಬರುತ್ತೇನೆ ಅಂದವರು ಕೊನೆಯವರೆಗೆ ನಿಲ್ಲುತ್ತಾರೆ. ಬಂದವರಿಗೆ ಕೊಡುವ ಕೆಲಸವನ್ನೂ ಯೋಚಿಸಿ ಕೊಡಬೇಕು. ಗುಂಡಿ ತೆಗೆಯೋದು, ಲಂಟಾನ ಕೀಳೋದು ಊರಿನವರ ಕೂಲಿ. ಅದನ್ನು ವಾಲಂಟಿಯರ್ ಪುಕ್ಕಟೆ ಮಾಡಿ ಒಬ್ಬ ಹೆಂಗಸಿನ ದಿನದ ದುಡಿಮೆ ತಪ್ಪಬಾರದು. ವಾಲಂಟಿಯರ್‌ಗಳು ಸಸಿಗಳಿಗೆ ತಗಡಿನ ಚೀಟಿ ಕಟ್ಟುತ್ತಾರೆ, ಕಳೆದ ವರ್ಷ ನೆಟ್ಟಿದ್ದರಲ್ಲಿ ಯಾವುದು ಬದುಕಿದೆ ಅಂತ ಸಾಲು ಸಾಲು ಎಣಿಸಿ ಬರೆಯುತ್ತಾರೆ, ಬಿದ್ದ ಧೂಪದ ಬೀಜ ಆರಿಸಿ ಅದು ಒಣಗಿ ಸತ್ತುಹೋಗುವ ಮೊದಲು ನರ್ಸರಿಗೆ ತಲುಪಿಸುತ್ತಾರೆ. ಎಲ್ಲಾ ನೆಲಕ್ಕೆ ಬಗ್ಗಿ, ಒಂದೇ ಕಡೆ ಬಹಳ ಹೊತ್ತು ನಿಂತು ಮಾಡುವ ಕೆಲಸ. ಇಂಬಳಕ್ಕೆ ಬೇಕಾದ್ದೂ ಅದೇ. ಕಾಲಿನ ಚಿಂತೆ ಇಲ್ಲದವರು ಮಾಡಿದ ಎಣಿಕೆ ನಂಬುವ ಹಾಗಿರುತ್ತದೆ. ಆ ಪುಸ್ತಕಗಳನ್ನು ತಿದ್ದಿ ಕಂಪ್ಯೂಟರಿಗೆ ಹಾಕುವವಳು ನಾನು, ವ್ಯತ್ಯಾಸ ನನಗೆ ಕಣ್ಣಿಗೆ ಹೊಡೆದು ಕಾಣುತ್ತದೆ.

ಇದೇ ಕಾಲ್ಚೀಲ ನರ್ಸರಿಯ ಅಕ್ಕಂದಿರಿಗೂ ಹೊಲಿಸಿದ್ದೇವೆ. ಅವರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡೇ ಇಷ್ಟು ವರ್ಷ ಕಳೆದವರು. ಹೊರಗಿನಿಂದ ಬಂದವರ ಕಾಲಿಗೆ ಒಂದು ಕಾಳಜಿ, ನಮ್ಮವರ ಕಾಲಿಗೆ ಇನ್ನೊಂದು ಅಂತ ಇರಬಾರದು. ಅವರದು ಹವಾಯಿ ಚಪ್ಪಲಿ, ಹಾಗಾಗಿ ಹೆಬ್ಬೆರಳು ಬೇರೆ ಮಾಡಿ ಹೊಲಿಯಿರಿ ಅಂತ ಕೇಳಿದೆವು. ಚಾಚಾ ಹೊಲಿದುಕೊಟ್ಟರು, ಅದಕ್ಕೆ ಜಾಸ್ತಿ ದುಡ್ಡು ಹೇಳಲಿಲ್ಲ.

ಕೊರತೆ ಇಲ್ಲವೇ ಅಂದರೆ ಇದೆ. ದಪ್ಪ ಹತ್ತಿ, ಆಗುಂಬೆ ಮಳೆಯಲ್ಲಿ ಒಣಗೋದೇ ಇಲ್ಲ. ಒಬ್ಬರಿಗೆ ಕನಿಷ್ಠ ಎರಡು ಜೋಡಿ ಬೇಕು, ಒಂದನ್ನು ಒಲೆ ಮೇಲಿನ ಅಟ್ಟದಲ್ಲಿ ಹಾಕಿರಬೇಕು. ಒದ್ದೆಯಾದಾಗ ಭಾರ. ಬಿಗಿ ಶೂ ಇದ್ದವರಿಗೆ ಬೆರಳ ಹತ್ತಿರ ಇಕ್ಕಟ್ಟು, ಒಂದು ಸೈಜ್ ದೊಡ್ಡ ಶೂ ತನ್ನಿ ಅಂತ ಮೊದಲೇ ಹೇಳಿಬಿಡಿ. ಕೆಂಪು ಮಣ್ಣಿನ ಕಲೆ ಹೋಗಲ್ಲ. ಎರಡು ಮಳೆಗಾಲ ಬರುತ್ತದೆ, ಮೂರನೆಯದಕ್ಕೆ ಹಿಮ್ಮಡಿ ಸವೆದಿರುತ್ತದೆ.

ಇನ್ನು ಆ ಹೆಸರಿನ ವಿಷಯ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಚಾಚಾಗೆ ಯೂನಿಫಾರಂ ಕೆಲಸ ತಲೆ ಮೇಲೆ ಇರುತ್ತದೆ. ಆಗ ಫೋನ್ ಮೇಲೆ ಫೋನ್ ಬಂದರೆ ಮಕ್ಕಳ ಬಟ್ಟೆ ತಡವಾಗುತ್ತದೆ ಅಂತ ಅವರ ಚಿಂತೆ. ಬೇಕಾದವರು ಫೆಬ್ರವರಿ, ಮಾರ್ಚಿನಲ್ಲಿ ಮಂಡಿಪೇಟೆಗೆ ಬಂದು ಇಂಬಳದ ಚೀಲ ಹೊಲಿಯುವ ಚಾಚಾ ಅಂತ ಬಟ್ಟೆ ಅಂಗಡಿಯವರನ್ನು ಕೇಳಿ, ತೋರಿಸುತ್ತಾರೆ. ಪಾದದ ಅಳತೆ ಕಾಗದದ ಮೇಲೆ ತನ್ನಿ, ಮೀನಖಂಡದ ಸುತ್ತಳತೆ ಬರೆದಿರಲಿ, ಅರ್ಧ ದುಡ್ಡು ಮುಂಗಡ ಕೊಡಿ.