ಬೇಸ್‌ಬಾಲ್ ಹುಟ್ಟಿದ ಕತೆ: ಮೊದಲು ಬ್ಲಾಕ್ ಓದಿ, ಆಮೇಲೆ ಥಾರ್ನ್

ಬೇಸ್‌ಬಾಲ್ ಹೇಗೆ ಹುಟ್ಟಿತು ಅಂತ ತಿಳಿಯಲು ಒಂದೇ ಪುಸ್ತಕಕ್ಕೆ ಸಮಯ ಇದೆ ಅಂದರೆ ಡೇವಿಡ್ ಬ್ಲಾಕ್ ಬರೆದ ‘ಬೇಸ್‌ಬಾಲ್ ಬಿಫೋರ್ ವಿ ನ್ಯೂ ಇಟ್’ ಓದಿ. 2005ರಲ್ಲಿ ಬಂದದ್ದು. ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು. ನ್ಯೂಜೆರ್ಸಿಗೆ ಬಂದ ಮೇಲೆ ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡ ಸೇರಿದಳು. ಮೈದಾನದ ಬೇಲಿ ಪಕ್ಕ ನಿಂತು ಆಟ ನೋಡ್ತಾ ನನಗೂ ಹುಚ್ಚು ಹಿಡಿಯಿತು. ಆಟದ ಹುಟ್ಟಿನ ಬಗ್ಗೆ ಅಲ್ಲಿ ಯಾರನ್ನು ಕೇಳಿದರೂ ಎರಡೇ ಕತೆ. ಒಂದು, 1839ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ, ಮುಂದೆ ಸೈನ್ಯದ ಜನರಲ್ ಆದ ಆಬ್ನರ್ ಡಬಲ್‌ಡೇ ಇದನ್ನು ಕಂಡುಹಿಡಿದ. ಇನ್ನೊಂದು, ಇಂಗ್ಲೆಂಡಿನ ರೌಂಡರ್ಸ್ ಆಟವೇ ಇಲ್ಲಿ ಬಂದು ಬೇಸ್‌ಬಾಲ್ ಆಯಿತು. ಎರಡೂ ನಿಲ್ಲುವುದಿಲ್ಲ ಅಂತ ಬ್ಲಾಕ್ ತೋರಿಸುತ್ತಾರೆ.

ಹೇಗೆ ತೋರಿಸುತ್ತಾರೆ ಅನ್ನೋದೇ ಈ ಪುಸ್ತಕದ ಜೀವ. ಬ್ಲಾಕ್ ಇತಿಹಾಸದ ಪ್ರೊಫೆಸರ್ ಅಲ್ಲ. ಸಿಸ್ಟಮ್ಸ್ ಅನಲಿಸ್ಟ್ ಆಗಿ ನಿವೃತ್ತರಾದವರು, ಹಳೆಯ ಬೇಸ್‌ಬಾಲ್ ಪುಸ್ತಕಗಳನ್ನು ಕೂಡಿಡುವವರು. ಅವರು ಹಳೆಯ ಪುಸ್ತಕಗಳನ್ನು ಒಂದೊಂದಾಗಿ ನಮ್ಮ ಮುಂದೆ ಬಿಡಿಸುತ್ತಾ ಹೋಗುತ್ತಾರೆ. ಲಂಡನ್ನಿನಲ್ಲಿ ಜಾನ್ ನ್ಯೂಬೆರಿ 1744ರಲ್ಲಿ ಹೊರತಂದ ಮಕ್ಕಳ ಪುಸ್ತಕದಲ್ಲಿ ಬೇಸ್‌ಬಾಲ್ ಅನ್ನೋ ಹೆಸರಿನಲ್ಲೇ ಒಂದು ಚಿಕ್ಕ ಪದ್ಯ ಇದೆ. ಚೆಂಡು ಹೊಡೆದ ಹುಡುಗ ಮುಂದಿನ ಕಂಬಕ್ಕೆ ಓಡಿ, ಖುಷಿಯಿಂದ ‘ಮನೆ’, ಅಂದರೆ ಹೊರಟ ಜಾಗ, ಸೇರುತ್ತಾನೆ. ಓಡಿ ಮುಟ್ಟಬೇಕಾದ ಠಾಣೆಯೇ ಬೇಸ್; ಆಗ ಅದು ನೆಲಕ್ಕೆ ನೆಟ್ಟ ಕಂಬ. 1796ರಲ್ಲಿ ಗುಟ್ಸ್‌ಮೂತ್ಸ್ ಎಂಬ ಜರ್ಮನ್ ಮೇಷ್ಟ್ರು ‘ಇಂಗ್ಲಿಷ್ ಬೇಸ್‌ಬಾಲ್’ನ ನಿಯಮಗಳನ್ನೇ ಅಚ್ಚು ಹಾಕಿಸಿದ್ದಾರೆ. ರೌಂಡರ್ಸ್ ಎಂಬ ಹೆಸರು ಅಚ್ಚಿನಲ್ಲಿ ಕಾಣುವುದು 1828ರ ಹೊತ್ತಿಗೆ. ಹಾಗಿದ್ದಮೇಲೆ ರೌಂಡರ್ಸ್ ತಾಯಿ, ಬೇಸ್‌ಬಾಲ್ ಮಗು ಅನ್ನೋ ವಾದಕ್ಕೆ ಆಧಾರ ಎಲ್ಲಿದೆ? ಆಟದ ಬೇರು ಇಂಗ್ಲೆಂಡಿನದೇ ನಿಜ. ಆದರೆ ಅಲ್ಲೂ ಅದರ ಹೆಸರು ಬೇಸ್‌ಬಾಲೇ ಆಗಿತ್ತು. ಇದನ್ನು ಓದಿದ ರಾತ್ರಿ ಪುಸ್ತಕ ಕೆಳಗಿಡೋಕೆ ಮನಸ್ಸೇ ಬರಲಿಲ್ಲ.

ಕೊನೆಯ ಭಾಗ ಹಳೆಯ ಪುಸ್ತಕಗಳ ವಿವರವಾದ ಪಟ್ಟಿ. ಅದನ್ನು ಸುಮ್ನೆ ತಿರುವಿ ಹಾಕಿದರೂ ಸಾಕು.

ಎರಡನೆಯದು ಜಾನ್ ಥಾರ್ನ್ ಬರೆದ ‘ಬೇಸ್‌ಬಾಲ್ ಇನ್ ದ ಗಾರ್ಡನ್ ಆಫ್ ಈಡನ್’, 2011ರದ್ದು. ಥಾರ್ನ್ ಅದೇ ವರ್ಷ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಅಧಿಕೃತ ಇತಿಹಾಸಕಾರರಾದವರು. ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ 1791ರ ಒಂದು ಕಟ್ಟಳೆಯನ್ನು 2004ರಲ್ಲಿ ಬೆಳಕಿಗೆ ತಂದವರು ಇವರೇ. ಹೊಸ ಸಭಾಭವನದ 80 ಗಜದೊಳಗೆ ಬೇಸ್‌ಬಾಲ್ ಮುಂತಾದ ಆಟ ಆಡಬಾರದು ಅಂತ ಅದರಲ್ಲಿದೆ. ಕಿಟಕಿ ಗಾಜು ಒಡೆಯುವ ಭಯ. ಡಬಲ್‌ಡೇ ಹುಟ್ಟುವುದಕ್ಕೂ ಮೊದಲಿನ ಮಾತು ಇದು!

ಬ್ಲಾಕ್ ‘ಇದು ಸುಳ್ಳು’ ಅಂತ ತೋರಿಸಿದರೆ, ಥಾರ್ನ್ ಆ ಸುಳ್ಳು ಯಾರಿಗೆ ಬೇಕಾಗಿತ್ತು ಅಂತ ಕೇಳುತ್ತಾರೆ. ಕ್ರೀಡಾ ಸಾಮಗ್ರಿ ಮಾರುತ್ತಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್‌ಗೆ ಈ ಆಟ ಅಪ್ಪಟ ಅಮೆರಿಕದ್ದು ಅನ್ನಿಸಿಕೊಳ್ಳಬೇಕಿತ್ತು. ಆಟದ ಹುಟ್ಟನ್ನು ತೀರ್ಮಾನಿಸಲು 1905ರಲ್ಲಿ ಒಂದು ಸಮಿತಿ ಕೂತಿತು. ಆಬ್ನರ್ ಗ್ರೇವ್ಸ್ ಎಂಬ ಮುದುಕರು, ತಾವು ಐದು ವರ್ಷದವರಿದ್ದಾಗಿನ ನೆನಪಿನಿಂದ, ಡಬಲ್‌ಡೇ ಇದನ್ನು ಕಂಡುಹಿಡಿದ ಅಂತ ಪತ್ರ ಬರೆದರು. ಸಮಿತಿ ಅದನ್ನೇ ನಂಬಿತು. 1839ರಲ್ಲಿ ಡಬಲ್‌ಡೇ ಇದ್ದದ್ದು ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ. ಅವರು 1893ರಲ್ಲೇ ತೀರಿಕೊಂಡಿದ್ದರಿಂದ ಹೌದು, ಅಲ್ಲ ಅಂತ ಹೇಳೋಕೆ ಯಾರೂ ಇರಲಿಲ್ಲ.

ನಮ್ಮ ಓದುಗರಿಗೆ ಇಲ್ಲೊಂದು ಹತ್ತಿರದ ಎಳೆ ಸಿಗುತ್ತದೆ. ಡಬಲ್‌ಡೇ ಥಿಯಾಸಫಿಸ್ಟ್, ಅಂದರೆ ಎಲ್ಲ ಧರ್ಮಗಳ ಹಿಂದಿನ ಒಂದೇ ಸತ್ಯವನ್ನು ಹುಡುಕುವ ಥಿಯಾಸಫಿಕಲ್ ಸಂಘದವರು. ಸಂಘದ ಸ್ಥಾಪಕರಾದ ಬ್ಲಾವಟ್‌ಸ್ಕಿ ಮತ್ತು ಆಲ್ಕಾಟ್ 1878ರ ಕೊನೆಗೆ ನ್ಯೂಯಾರ್ಕ್ ಬಿಟ್ಟು ಭಾರತಕ್ಕೆ ಹೊರಟಾಗ, ಅಲ್ಲಿನ ಸಂಘವನ್ನು ನೋಡಿಕೊಂಡವರು ಅವರೇ. ಆ ಸಂಘದ ಕೇಂದ್ರ ಮುಂದೆ ಮದ್ರಾಸಿನ ಅಡ್ಯಾರ್‌ನಲ್ಲಿ ನೆಲೆಯಾಯಿತು. ಸ್ಪಾಲ್ಡಿಂಗ್ ಅವರ ಎರಡನೇ ಹೆಂಡತಿ ಕೂಡ ಥಿಯಾಸಫಿಸ್ಟ್. ಥಾರ್ನ್ ಈ ನಂಟಿನ ಬೆನ್ನು ಹತ್ತಿ ಬಹಳ ದೂರ ಹೋಗುತ್ತಾರೆ. ನನಗಂತೂ ಈ ಅಧ್ಯಾಯಗಳು ತುಂಬ ಹಿಡಿಸಿದವು.

ಡಾಕ್ ಆಡಮ್ಸ್‌ಗೆ ನ್ಯಾಯ ಕೊಡಿಸಿದ್ದೂ ಈ ಪುಸ್ತಕದ ದೊಡ್ಡ ಕೆಲಸ. ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನ ಫಲಕದಲ್ಲಿ ಬೇಸ್‌ಗಳ ನಡುವೆ 90 ಅಡಿ ಅಂತರ, 9 ಇನ್ನಿಂಗ್ಸ್, 9 ಆಟಗಾರರು ಎಲ್ಲಾ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್‌ನ ಅಲೆಕ್ಸಾಂಡರ್ ಕಾರ್ಟ್‌ರೈಟ್ ಲೆಕ್ಕಕ್ಕೆ ಹೋಗಿದೆ. ಅವು ತೀರ್ಮಾನವಾದದ್ದು 1857ರ ಕ್ಲಬ್‌ಗಳ ಸಭೆಯಲ್ಲಿ, ಅಧ್ಯಕ್ಷತೆ ಆಡಮ್ಸ್‌ದು. ಕಾರ್ಟ್‌ರೈಟ್ 1849ರಲ್ಲೇ ನ್ಯೂಯಾರ್ಕ್ ಬಿಟ್ಟು, ಹವಾಯಿಯಲ್ಲಿ ನೆಲೆಸಿದ್ದರು. ಆಡಮ್ಸ್ ವೈದ್ಯರು, ಅದೇ ಕ್ಲಬ್‌ನವರು. ಎರಡನೇ, ಮೂರನೇ ಬೇಸ್‌ಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತು ಆಡಿದ ಮೊದಲಿಗರು. ಕ್ಲಬ್‌ಗೆ ಬೇಕಾದ ಚೆಂಡುಗಳನ್ನು ಕೈಯಾರೆ ಮಾಡಿಕೊಡುತ್ತಿದ್ದರು. ಇಂಥವರ ಹೆಸರು ಇಷ್ಟು ವರ್ಷ ಮರೆಗೆ ಬಿದ್ದಿತ್ತಲ್ಲ ಅಂತ ಬೇಜಾರಾಗುತ್ತದೆ.

ಥಾರ್ನ್ ಪುಸ್ತಕದ ಕೊರತೆಯೂ ಇದೆ. ಹೆಸರುಗಳು ತುಂಬಾ ಜಾಸ್ತಿ. ಕಾಲ ಹಿಂದೆ ಮುಂದೆ ಜಿಗಿಯುತ್ತದೆ. ಜೂಜಿನ ಕತೆಯಿಂದ ಥಿಯಾಸಫಿಗೆ, ಅಲ್ಲಿಂದ ಸಮಿತಿಗೆ. ಬೇಸ್‌ಬಾಲ್ ಹೊಸದಾಗಿದ್ದರೆ ಇದನ್ನೇ ಮೊದಲು ಹಿಡಿಯಬೇಡಿ, ನಡುವೆ ಕೈಬಿಡುತ್ತೀರಿ.

ಆಟ ಆಡಿದವರ ಸಂಭ್ರಮ ಬೇಕು ಅನ್ನೋರಿಗೆ ಪೀಟರ್ ಮಾರಿಸ್ ಅವರ ‘ಬಟ್ ಡಿಡಂಟ್ ವಿ ಹ್ಯಾವ್ ಫನ್?’ (2008). 1843ರಿಂದ 1870ರವರೆಗಿನ ಕ್ಲಬ್‌ಗಳ ಕಾಲ. 1845ರ ನಿಕರ್‌ಬಾಕರ್ ಕ್ಲಬ್ ನಿಯಮದಲ್ಲಿ ಚೆಂಡು ಒಮ್ಮೆ ನೆಲಕ್ಕೆ ಬಡಿದು ಎದ್ದಾಗ ಹಿಡಿದರೂ ಔಟ್. ನಮ್ಮ ಗಲ್ಲಿ ಕ್ರಿಕೆಟ್‌ನ ಒನ್ ಪಿಚ್ ಕ್ಯಾಚ್, ಅಲ್ವಾ! ಮೊದಲು 21 ರನ್ ಮಾಡಿದವರು ಗೆದ್ದಂತೆ. 1846ರ ಜೂನ್ 19ರಂದು ನ್ಯೂಜೆರ್ಸಿಯ ಹೋಬೋಕೆನ್‌ನ ಎಲೀಸಿಯನ್ ಫೀಲ್ಡ್ಸ್ ಮೈದಾನದಲ್ಲಿ ನಿಕರ್‌ಬಾಕರ್‌ನವರು 23–1ರಿಂದ ಸೋತರು, ಅದೂ ನಾಲ್ಕೇ ಇನ್ನಿಂಗ್ಸ್‌ನಲ್ಲಿ.

ಹೆರಾಲ್ಡ್ ಸೀಮೋರ್ ಹೆಸರಿನಲ್ಲಿ 1960ರಲ್ಲಿ ಬಂದ ‘ಬೇಸ್‌ಬಾಲ್: ದಿ ಅರ್ಲಿ ಇಯರ್ಸ್’ ದಪ್ಪ, ನಿಧಾನದ ಓದು. ಲೀಗ್, ದುಡ್ಡು, ಸಂಬಳದ ಜಗಳ ತಿಳಿಯಲು ಒಳ್ಳೆಯದು. ಸಂಶೋಧನೆಯ ದೊಡ್ಡ ಪಾಲು ಅವರ ಹೆಂಡತಿ ಡೊರೊತಿ ಅವರದ್ದು. ಆದರೂ ಹಳೆಯ ಮುದ್ರಣಗಳ ಮುಖಪುಟದಲ್ಲಿ ಅವರ ಹೆಸರಿಲ್ಲ. ಪ್ರಕಾಶಕರು ಅವರನ್ನು ಸಹಲೇಖಕಿ ಎಂದು ಒಪ್ಪಿದ್ದು ಸುಮಾರು ಐವತ್ತು ವರ್ಷದ ಮೇಲೆ. ಕೊಳ್ಳುವುದಾದರೆ ಅವರ ಹೆಸರಿರುವ ಪ್ರತಿಯನ್ನೇ ಹುಡುಕಿ.

ಅಮೆರಿಕದಲ್ಲಿ ಇರುವವರು ದುಡ್ಡು ಹಾಕುವ ಮೊದಲು ಊರಿನ ಲೈಬ್ರರಿಯಲ್ಲಿ ಕೇಳಿ. ನನ್ನ ಲೈಬ್ರರಿಯಲ್ಲಿ ಬ್ಲಾಕ್ ಇರಲಿಲ್ಲ. ಬೇರೆ ಊರಿನಿಂದ ತರಿಸಿಕೊಟ್ಟರು. ಮನೆಯಲ್ಲಿ ಹೈಸ್ಕೂಲ್ ಓದುವ ಮಕ್ಕಳಿದ್ದರೆ ಮಾರಿಸ್ ಪುಸ್ತಕವನ್ನು ಅವರ ಕೈಗೂ ಕೊಡಿ. ಇಂಗ್ಲಿಷ್ ಸುಲಭವಾಗಿದೆ.